ಹೆಗಲ ಮೇಲಿನ ತಾರೀಖು

ಸಿಲಿಂಡರಿಗೂ ವಯಸ್ಸಾಗುತ್ತೆ ಅಂದ್ರೆ ನಮ್ಮ ದೊಡ್ಡಬೆಳವಂಗಲದಲ್ಲಿ ಯಾರೂ ನಂಬಲ್ಲ. "ಕಬ್ಬಿಣಕ್ಕೆ ಎಂಥ ವಯಸ್ಸು, ಹೋಗಣ್ಣ" ಅಂತಾರೆ. ನಂಬದೇ ಇರೋರು ಈಗಲೇ ಎದ್ದು ಅಡುಗೆಮನೆಗೆ ಹೋಗಿ ನಿಮ್ಮ ಗ್ಯಾಸ್ ಸಿಲಿಂಡರ್ ನೋಡಿ. ಮೇಲಿನ ಬಳೆಯನ್ನು ಹೊತ್ತುಕೊಂಡಿರೋ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಎರಡಂಕಿ ಬರೆದಿರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಅಂದ್ರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷದ್ದು. ಸಿ-28 ಅಂತಿದ್ರೆ 2028ರ ಸೆಪ್ಟೆಂಬರ್ ಮುಗಿಯೋದರೊಳಗೆ ಅದು ಪರೀಕ್ಷೆಗೆ ಹೋಗಬೇಕು. ತಾರೀಖು ದಾಟಿದ್ದು ಬಂದ್ರೆ ಇಸ್ಕೋಬೇಡಿ, ತಂದ ಹುಡುಗನ ಕೈಲೇ ವಾಪಸ್ ಕಳಿಸಿ. (ಅವನು ಮುಖ ಸಿಂಡರಿಸ್ತಾನೆ. ಸಿಂಡರಿಸಲಿ.)

ಇದೆಲ್ಲ ನನಗೆ ಗೊತ್ತಿರೋದು ಓದಿನಿಂದಲ್ಲ, ಹೊಟ್ಟೆಪಾಡಿನಿಂದ. ಹದಿನಾಲ್ಕು ವರ್ಷ ಪೀಣ್ಯದಲ್ಲಿ ಸಿಲಿಂಡರ್ ಪರೀಕ್ಷೆ ಮಾಡೋ ಒಂದು ಶೆಡ್ಡಿನಲ್ಲಿ ದುಡಿದೆ. ಆಕ್ಸಿಜನ್, ನೈಟ್ರೋಜನ್, ಆರ್ಗಾನ್, ಯಾವುದೇ ಇರಲಿ, ಸಿಲಿಂಡರ್ ಕೈಗೆ ಬಂದ ಕೂಡಲೇ ಮೊದಲು ನೋಡ್ತಿದ್ದುದು ಅದರ ಹೆಗಲು. ಕುತ್ತಿಗೆಯ ಕೆಳಗಿನ ಆ ಇಳಿಜಾರಿಗೆ ನಾವು ಹೆಗಲು ಅಂತಲೇ ಅಂತಿದ್ವಿ. ಹುಟ್ಟಿದ ತಾರೀಖು, ತಡೆಯುವ ಒತ್ತಡ, ಕೊನೇ ಸಲ ಪರೀಕ್ಷೆಯಾದ ತಿಂಗಳು, ವರ್ಷ ಎಲ್ಲ ಅಲ್ಲೇ ಕೊರೆದಿರುತ್ತೆ. ಮನುಷ್ಯರ ಜಾತಕಕ್ಕಿಂತ ನಂಬಬಹುದಾದ ಜಾತಕ.

ಈ ಕೆಲಸ ಬಿಟ್ಟ ಮೇಲೆ ಅದು ಮತ್ತೆ ನಮ್ಮೂರ ಪಕ್ಕದಲ್ಲೇ ಎದುರಾಗುತ್ತೆ ಅಂತ ಅಂದುಕೊಂಡಿರಲಿಲ್ಲ. ದಾಬಸ್‌ಪೇಟೆ-ದೊಡ್ಡಬಳ್ಳಾಪುರ ರಸ್ತೆ ಅಗಲ ಆದ ಮೇಲೆ ಬೆಂಗಳೂರು ಹತ್ತಿರ ಬಂತು. ನೀಲಗಿರಿ ತೋಪಾಗಿದ್ದ ಜಾಗಗಳು ಶನಿವಾರ-ಭಾನುವಾರದ ಕ್ಯಾಂಪುಗಳಾದವು. ಹಗ್ಗದ ಸೇತುವೆ, ಬೆಂಕಿ ಹಾಕಿ ಕುಣಿಯೋ ಅಂಗಳ, ಜೊತೆಗೆ ಪೇಂಟ್‌ಬಾಲ್. ಅಂಥ ಒಂದು ಕಡೆ ನಮ್ಮಕ್ಕನ ಮಗ ವಾರಕ್ಕೆರಡು ದಿನ ಕೆಲಸಕ್ಕೆ ಸೇರಿದ. ಡಿಗ್ರಿ ಎರಡನೇ ವರ್ಷ. ದಿನಕ್ಕೆ ಆರುನೂರು ರೂಪಾಯಿ, ಮಧ್ಯಾಹ್ನದ ಊಟ.

ಪೇಂಟ್‌ಬಾಲ್ ನೋಡಿರದವರಿಗೆ ಎರಡು ಮಾತು. ಗೋಲಿ ಗಾತ್ರದ ಜೆಲಟಿನ್ ಗುಂಡು, ಒಳಗೆ ಬಣ್ಣ. ಬಂದೂಕಿಗೆ ತಗುಲಿಸಿದ ಪುಟ್ಟ ಸಿಲಿಂಡರಿನ ಗಾಳಿ ಆ ಗುಂಡನ್ನ ತಳ್ಳುತ್ತೆ. ತಗುಲಿದೋನು ಔಟ್. ಈ ಬಂದೂಕನ್ನ ಮೊದಲು ಮಾಡಿದ್ದು ಆಟಕ್ಕಲ್ಲ; ಅಮೆರಿಕದಲ್ಲಿ ಕಡಿಯಬೇಕಾದ ಮರಕ್ಕೂ, ಹಿಂಡಿನ ದನಕ್ಕೂ ದೂರದಿಂದ ಗುರುತು ಹಾಕೋಕೆ. ಅದನ್ನೇ ಹಿಡಿದು 1981ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಾಡಲ್ಲಿ ಹನ್ನೆರಡು ಜನ ಆಟ ಆಡಿದರು. ನಮ್ಮ ಘಾಟಿ ದನದ ಜಾತ್ರೇಲಿ ಕೊಂಬಿಗೆ ಬಣ್ಣ ಹಚ್ಚೋರು ಈ ಉಪಾಯ ಕೇಳಿದ್ರೆ ನಕ್ಕಾರು.

ಹುಡುಗ ಒಂದಿನ ಊಟಕ್ಕೆ ಕೂತಾಗ ಕೇಳಿದ: "ಮಾವ, ಟ್ಯಾಂಕಿಗೆ ಗಾಳಿ ತುಂಬೋವಾಗ ಕೈ ಸುಡೋಷ್ಟು ಬಿಸಿ ಆಗುತ್ತೆ. ಅದು ಸರೀನಾ?"

"ಎಷ್ಟು ಹೊತ್ತಲ್ಲಿ ತುಂಬ್ತೀಯ?"

"ಹತ್ತು ಸೆಕೆಂಡು. ಜನ ಕಾಯ್ತಿರ್ತಾರಲ್ಲ."

"ಕೂರೋ ಕಡೆ ಎಣ್ಣೆ ಗಿಣ್ಣೆ ಹಾಕ್ತೀಯೇನೋ?"

"ಹೂಂ, ಸಲೀಸಾಗಿ ಕೂರ್ಲಿ ಅಂತ ಚೈನಿನ ಎಣ್ಣೆ ಒಂದೆರಡು ತೊಟ್ಟು. ಅವರೇ ಹೇಳ್ಕೊಟ್ಟಿದ್ದು."

ನನ್ನ ತುತ್ತು ಕೈಲೇ ಉಳೀತು. ಟ್ರ್ಯಾಕ್ಟರ್ ಎಂಜಿನ್ನು ಬಿಚ್ಚಿ ನೋಡಿದವರಿಗೆ ಇದು ಹೇಳೋದೇ ಬೇಡ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನ ದಿಢೀರನೆ ಹಿಂಡಿದ್ರೆ ಅದು ಎಷ್ಟು ಕಾಯುತ್ತೆ ಅಂದ್ರೆ, ಮೇಲೆ ಬಿದ್ದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತೆ. ನಮ್ಮ ಹುಡುಗ ಎಣ್ಣೆ ಹಾಕಿ, ಅದರ ಮೇಲೆ ಮೂರು ಸಾವಿರ ಪಿಎಸ್‌ಐ ಗಾಳಿಯನ್ನ ಹತ್ತು ಸೆಕೆಂಡಲ್ಲಿ ನುಗ್ಗಿಸ್ತಿದ್ದ. ಕಾರಿನ ಟೈರಿಗೆ ನಾವು ಹೊಡೆಸೋದು ಮೂವತ್ತೆರಡು. ಅದರ ತೊಂಬತ್ತು ಪಟ್ಟು.

ಸೋಮವಾರ ಕ್ಯಾಂಪಿನಲ್ಲಿ ಗಿರಾಕಿ ಇರಲ್ಲ. ಅವನನ್ನ ಕರ್ಕೊಂಡು ಹೋದೆ. ಹನ್ನೊಂದು ಟ್ಯಾಂಕು, ಟೊಮೆಟೊ ಕ್ರೇಟಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಅರ್ಧ ಬಿಸಿಲಲ್ಲಿ. ಕನ್ನಡಕ ಹಾಕ್ಕೊಂಡು ಒಂದೊಂದನ್ನೇ ತಿರುಗಿಸಿ ಓದಿದೆ. ಎಂಟು ಅಲ್ಯೂಮಿನಿಯಂದು, ಹೆಗಲ ಮೇಲೆ ಅಮೆರಿಕದ ಮುದ್ರೆ: ಡಿಒಟಿ, 3ಎಎಲ್, 3000. ಇಂಥವನ್ನ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, ತಿಂಗಳು ಮತ್ತು ವರ್ಷದ ನಡುವೆ ಪರೀಕ್ಷೆ ಮಾಡಿದವರ ನಾಲ್ಕಕ್ಷರದ ಗುರುತನ್ನ ಚೌಕವಾಗಿ ಕೊರೀತಾರೆ. ಎಂಟರಲ್ಲಿ ಆರಕ್ಕೆ ಹುಟ್ಟಿದ ತಾರೀಖು ಬಿಟ್ಟು ಮತ್ತೇನೂ ಇರಲಿಲ್ಲ. ಎಲ್ಲವೂ 2009, 2010ರವು. ಇನ್ನೆರಡರ ಹೆಗಲನ್ನ ಯಾರೋ ಉಜ್ಜಿ ಹಸಿರು ಬಣ್ಣ ಹೊಡೆದಿದ್ರು, ಓದೋಕೇ ಆಗಲಿಲ್ಲ. ಉಳಿದ ಮೂರು ಕಾರ್ಬನ್ ಫೈಬರ್ ಸುತ್ತಿದವು. ಅವು 4500 ಪಿಎಸ್‌ಐ ತಡೀತವೆ, ಆದ್ರೆ ಸಾಮಾನ್ಯವಾಗಿ ಹದಿನೈದು ವರ್ಷಕ್ಕೆ ಅವುಗಳ ಆಯಸ್ಸೇ ಮುಗಿಯುತ್ತೆ, ಪರೀಕ್ಷೆ ಪಾಸಾದರೂ ಬಳಸೋ ಹಾಗಿಲ್ಲ. ಮೂರೂ 2007ರವು.

ಅಲ್ಲಿದ್ದ ಮಾಲೀಕರು ಒಳ್ಳೇ ಮಾತಿನ ಮನುಷ್ಯ. ಕಾಫಿ ತರಿಸಿದರು. "ಇದು ಆಟದ ಸಾಮಾನು ಸಾರ್, ಆರು ವರ್ಷದಿಂದ ಏನೂ ಆಗಿಲ್ವಲ್ಲ" ಅಂದರು.

ಈ "ಏನೂ ಆಗಿಲ್ವಲ್ಲ" ಅನ್ನೋದನ್ನ ನಾನು ಪೀಣ್ಯದಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹಗ್ಗ ಹರಿಯೋಕೆ ಮುಂಚೆ ಒಂದೊಂದೇ ಎಳೆ ಬಿಡುತ್ತೆ, ಗಾಡಿ ಅಚ್ಚು ಮುರಿಯೋಕೆ ಮುಂಚೆ ಕಿರ್ ಅನ್ನುತ್ತೆ. ಸಿಲಿಂಡರ್ ಹಾಗಲ್ಲ. ತುಂಬಿದಾಗೆಲ್ಲ ಒಂದು ಕೂದಲೆಳೆಯಷ್ಟು ಹಿಗ್ಗಿ, ಖಾಲಿಯಾದಾಗ ಕುಗ್ಗುತ್ತೆ. ಸಾವಿರ ಸಲ, ಎರಡು ಸಾವಿರ ಸಲ. ಕುತ್ತಿಗೆಯ ಮರೆಯಲ್ಲಿ ಎಲ್ಲೋ ಒಂದು ಬಿರುಕು ಹುಟ್ಟಿದ್ರೆ ಹೊರಗಡೆ ಏನೂ ಕಾಣಲ್ಲ. ಸದ್ದೂ ಇಲ್ಲ. ಕಂಪ್ರೆಸ್ಸರಿನ ಗಾಳಿ ಜೊತೆ ತೇವ ಹೋಗಿದ್ರೆ ಒಳಗಿನಿಂದಲೇ ತಿನ್ನುತ್ತಾ ಬರುತ್ತೆ.

ಅದಕ್ಕೇ ನೀರಿನ ಪರೀಕ್ಷೆ. ಜನ ಕೇಳ್ತಾರೆ, ಗಾಳಿ ತುಂಬೋ ಟ್ಯಾಂಕಿಗೆ ನೀರಲ್ಲಿ ಯಾಕೆ ಪರೀಕ್ಷೆ ಅಂತ. ಗಾಳಿ ಹಿಂಡಿದ್ರೆ ಸ್ಪ್ರಿಂಗಿನ ಹಾಗೆ ಮುದುಡಿ ಕೂರುತ್ತೆ, ಬಿಟ್ಟ ತಕ್ಷಣ ಅಷ್ಟನ್ನೂ ವಾಪಸ್ ಕೊಡುತ್ತೆ. ನೀರು ಮುದುಡೋದೇ ಇಲ್ಲ ಅನ್ನಬಹುದು. ಹಾಗಾಗಿ ನೀರು ತುಂಬಿದ ಸಿಲಿಂಡರ್ ಬಿರಿದರೂ ಧಡ್ ಅಂತ ಒಂದು ಸದ್ದು, ಗಡಿಯಾರದ ಮುಳ್ಳು ಸೊನ್ನೆಗೆ, ಅಷ್ಟೇ. ಅದೇ ಗಾಳಿ ಆಗಿದ್ರೆ? ಕ್ಯಾಂಪಿನ ಆ ಮುಕ್ಕಾಲು ಲೀಟರು ಚಿಲ್ಲರೆ ಹಿಡಿಯೋ ಟ್ಯಾಂಕನ್ನೇ ತಗೊಳ್ಳಿ. 3000 ಪಿಎಸ್‌ಐನಲ್ಲಿ ಅದರೊಳಗೆ ಕೂತಿರೋ ಶಕ್ತಿ, ಒಂದು ಕ್ವಿಂಟಲ್ ರಾಗಿ ಮೂಟೆಯನ್ನ ಹತ್ತು ಮಹಡಿ ಎತ್ತರಕ್ಕೆ ಎತ್ತೋಕೆ ಸಾಕು. ಹುಡುಗರು ಅದನ್ನ ಹೆಗಲಿಗೆ ಒತ್ತಿಕೊಂಡು, ಕೆನ್ನೆ ಪಕ್ಕ ಇಟ್ಕೊಂಡು ಗುರಿ ಹಿಡೀತಾರೆ.

ನಮ್ಮ ಶೆಡ್ಡಿನಲ್ಲಿ ಕೆಲಸ ಹೀಗೆ ನಡೀತಿತ್ತು. ವಾಲ್ವ್ ಬಿಚ್ಚಿ, ಒಳಗೆ ಸಣ್ಣ ಬಲ್ಬು ಇಳಿಬಿಟ್ಟು ತುಕ್ಕು, ಗುಳಿ ನೋಡೋದು. ಆಮೇಲೆ ನೀರು ತುಂಬಿ, ನೀರೇ ತುಂಬಿರೋ ಇನ್ನೊಂದು ದಪ್ಪ ಕೊಳವೆಯೊಳಗೆ ಇಳಿಸಿ, ಕೆಲಸದ ಒತ್ತಡಕ್ಕಿಂತ ಜಾಸ್ತಿ ಏರಿಸೋದು. 3000ದ ಟ್ಯಾಂಕಿಗೆ 5000. ಸಿಲಿಂಡರ್ ಎಷ್ಟು ಹಿಗ್ಗಿತೋ ಅಷ್ಟು ನೀರು ಹೊರಗಿನ ಕೊಳವೆಯಿಂದ ಅಳತೆಯ ಗಾಜಿಗೆ ಏರುತ್ತೆ. ಒತ್ತಡ ಬಿಟ್ಟಾಗ ನೀರು ಇಳೀಬೇಕು. ಪೂರ್ತಿ ಇಳಿದರೆ ಮೈ ಗಟ್ಟಿ. ಏರಿದ್ದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಮೇಲೇ ಉಳಿದರೆ ಅದರ ಕಥೆ ಮುಗೀತು, ಹಿಗ್ಗಿದ ಮೈ ಕುಗ್ಗೋದನ್ನ ಮರೆತಿದೆ ಅಂತ. ಒಂದು ಸಲ ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಬಂದಿತ್ತು, ಹೊಸ ಕಪ್ಪು ಬಣ್ಣ ಹೊಡೆದು ಮದುವಣಿಗನ ಹಾಗೆ ಇತ್ತು. ಗಾಜಿನ ನೀರು ಇಳಿಯಲೇ ಇಲ್ಲ. ಬಣ್ಣ ನೋಡಿ ಸಿಲಿಂಡರ್ ನಂಬೋದನ್ನ ಅವತ್ತೇ ಬಿಟ್ಟೆ.

ಕಾನೂನಿನ ಮಾತೂ ಹೇಳಿದೆ. ನಮ್ಮ ದೇಶದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲಿ ಆಟದ್ದು, ಅಡುಗೆಯದ್ದು ಅಂತ ಭೇದ ಇಲ್ಲ. ಐನೂರು ಮಿಲಿಲೀಟರ್ ದಾಟಿದ್ರೆ ಅದು ಸಿಲಿಂಡರೇ. ಹೊರದೇಶದ್ದಾದ್ರೆ ನಾಗಪುರದ ಪೆಸೊ ಕಚೇರಿಯ ಒಪ್ಪಿಗೆ ಬೇಕು. ಮಾಲೀಕರು "ನೋಡೋಣ ಸಾರ್" ಅಂದರು. ಆ "ನೋಡೋಣ"ದ ಅರ್ಥ ನಮಗೆಲ್ಲ ಗೊತ್ತಿರೋದೇ.

ದಾರೀಲಿ ಹುಡುಗನಿಗೆ ಹೇಳಿದೆ, ಇನ್ನು ಅಲ್ಲಿ ಗಾಳಿ ತುಂಬಬೇಡ, ಬೇರೆ ಕೆಲಸ ಕೊಟ್ರೆ ಮಾಡು. ಕೊಡಲಿಲ್ಲ. ಎರಡು ಶನಿವಾರ ಮನೇಲೇ ಕೂತ. ಅಕ್ಕ ನನ್ನ ಹತ್ರ ಮಾತು ಬಿಟ್ಟಳು. "ವಾರಕ್ಕೆ ಸಾವಿರದ ಇನ್ನೂರು ಬರ್ತಿತ್ತು, ಫೀಸು ನೀನು ಕಟ್ತೀಯೇನೋ" ಅಂತ ಬಾಗಿಲಲ್ಲೇ ನಿಂತು ಅಂದಳು. ಅವಳ ಮಾತಲ್ಲಿ ತಪ್ಪೇನಿಲ್ಲ. ಬಡವರ ಮನೇಲಿ ಅಪಾಯ ಅನ್ನೋದು ದಿನಗೂಲಿಯ ಎದುರು ತಕ್ಕಡಿಗೆ ಬೀಳುತ್ತೆ, ಯಾವಾಗಲೂ ಕೂಲಿಯೇ ತೂಗುತ್ತೆ. ಆದ್ರೆ ನಾನೂ ಮಾತು ವಾಪಸ್ ತಗೊಳ್ಳಲಿಲ್ಲ.

ಮೂರನೇ ವಾರ ಮಾಲೀಕರೇ ಫೋನ್ ಮಾಡಿದರು. ಹುಡುಗನ ಕೈ ಉಳೀಲಿ ಅಂತಲ್ಲ. ಬೆಂಗಳೂರಿನ ಯಾವುದೋ ಕಂಪನಿಯವರು ಅರವತ್ತು ಜನ ಬರೋದಿತ್ತಂತೆ, ಅವರ ಸೇಫ್ಟಿ ಆಫೀಸರ್ ಟ್ಯಾಂಕುಗಳ ಪರೀಕ್ಷೆ ಕಾಗದ ಕೇಳಿದರಂತೆ. "ಒಂದು ಸರ್ಟಿಫಿಕೇಟ್ ಮಾಡಿಸಿಕೊಡಿ ಸಾರ್" ಅಂದರು. ಕಾಗದ ಅಲ್ಲ, ಟ್ಯಾಂಕು ಸರಿ ಇರಬೇಕು ಅಂದೆ. ಒಪ್ಪಿಗೆಯ ದಾಖಲೆಯೇ ಇಲ್ಲದ ಸಿಲಿಂಡರನ್ನ ಕಟ್ಟುನಿಟ್ಟಾದ ಯಾವ ಪರೀಕ್ಷೆಯವರೂ ಮುಟ್ಟಲ್ಲ. ಕೊನೆಗೆ ಆ ಗುಂಪಿಗೆ ಪೇಂಟ್‌ಬಾಲ್ ಇಲ್ಲ ಅಂದುಬಿಟ್ಟರು. ಸರಿಯಾದ ಕಾಗದ ಇರೋ ನಾಲ್ಕು ಟ್ಯಾಂಕು ಬರೋಕೆ ಎರಡು ತಿಂಗಳು ಹಿಡೀತು.

ಹಳೇ ಹನ್ನೊಂದನ್ನ ಹುಡುಗನ ಎದುರೇ ಖಾಲಿ ಮಾಡಿಸಿದೆ. ಬಂದೂಕಿಗೆ ಹಾಕಿ, ಗುಂಡಿಲ್ಲದೆ ಹೊಡೆದು ಹೊಡೆದು ಗಾಳಿ ಇಳಿಸಿ, ಮುಳ್ಳು ಸೊನ್ನೆಗೆ ಬಂದ ಮೇಲೂ ಅರ್ಧ ಗಂಟೆ ಬಿಟ್ಟು, ಆಮೇಲೆ ವಾಲ್ವ್ ಬಿಚ್ಚಿಸಿದೆ. ಒತ್ತಡ ಇರೋವಾಗ ವಾಲ್ವ್ ತಿರುಗಿದ್ರೆ ಟ್ಯಾಂಕು ರಾಕೆಟ್ಟೇ. ಬಂದೂಕಿನಿಂದ ಟ್ಯಾಂಕು ಬಿಚ್ಚೋಕೆ ಹೋಗಿ, ವಾಲ್ವಿನಿಂದ ಟ್ಯಾಂಕೇ ಬಿಚ್ಚಿಕೊಂಡು ಹಾರಿ ಅಮೆರಿಕದಲ್ಲಿ ಜನ ಸತ್ತಿದ್ದಾರೆ. ಗೊತ್ತಾಗೋದೇ ಇಲ್ಲ, ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಆಮೇಲೆ ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ತುಂಡು. ತೂತು ಹೊಡೆದು ಬಿಟ್ರೆ ಗುಜರಿಯಿಂದ ಯಾರಾದರೂ ತಂದು ಬೆಸುಗೆ ಹಾಕಿಯಾರು. ತುಂಡಾದ ಮೇಲೆ ಒಂದರ ಒಳಗೆ ಬಿಳಿ ಪುಡಿ, ಬಟ್ಟೆ ಸೋಪಿನ ಹಾಗೆ. ಅಲ್ಯೂಮಿನಿಯಂ ತುಕ್ಕು ಬಿಳಿ ಇರುತ್ತೆ. ಹುಡುಗ ಬೆರಳಲ್ಲಿ ಮುಟ್ಟಿ ನೋಡಿ ಸುಮ್ಮನಾದ.

ಈಗ ಮತ್ತೆ ಕೆಲಸಕ್ಕೆ ಹೋಗ್ತಿದ್ದಾನೆ. ಟ್ಯಾಂಕು ತುಂಬೋಕೆ ಒಂದೂವರೆ ನಿಮಿಷ, ಜನ ಕಾಯಲಿ. ಎಣ್ಣೆ ಡಬ್ಬಿ ಆಚೆ ಹೋಯ್ತು. ತಂಗಿಯ ಕೆಂಪು ನೈಲ್ ಪಾಲಿಶ್ ಕದ್ದು ತಂದು, ಟ್ಯಾಂಕಿನ ಕುತ್ತಿಗೆಯಿಂದ ವಾಲ್ವಿನ ಮೇಲೆ ಒಂದೇ ಗೆರೆ ಎಳೆದಿದ್ದಾನೆ. ಗೆರೆ ಎರಡಾಗಿ ಕಂಡ್ರೆ ವಾಲ್ವ್ ತಿರುಗಿದೆ ಅಂತ ಅರ್ಥ, ಮುಟ್ಟೋ ಹಾಗಿಲ್ಲ. ಆಟ ಮುಗಿದ ಮೇಲೂ ಸ್ವಲ್ಪ ಗಾಳಿ ಉಳಿಸಿ ನೆರಳಲ್ಲಿಡ್ತಾನೆ, ತೇವ ಒಳಗೆ ಹೋಗದಿರಲಿ ಅಂತ. ತಂಗಿಗೆ ಹೊಸ ಬಾಟಲಿ ನಾನೇ ಕೊಡಿಸಿದೆ.

ಮೊನ್ನೆ ನನ್ನ ಸ್ಕೂಟರಿಗೆ ಗಾಳಿ ಹಾಕಿಸೋಕೆ ಇಬ್ಬರೂ ಪಂಕ್ಚರ್ ಅಂಗಡಿಗೆ ಹೋಗಿದ್ವಿ. ಹುಡುಗ ಬಗ್ಗಿ ಕಂಪ್ರೆಸ್ಸರ್ ಟ್ಯಾಂಕಿಯ ಹೊಟ್ಟೆ ಕೆಳಗೆ ನೋಡ್ತಿದ್ದ. "ಅಣ್ಣ, ಇದರ ನೀರು ಯಾವಾಗ ಬಿಟ್ಟಿದ್ದು?" ಅಂದ. "ಎಂಥ ನೀರಪ್ಪ, ಇದರಲ್ಲಿರೋದು ಗಾಳಿ" ಅಂತ ಅಂಗಡಿಯವನು ನಕ್ಕ. ಮೋಟಾರು ನಿಲ್ಲಿಸಿ, ಒತ್ತಡ ಇಳಿಸಿ, ಕೆಳಗಿನ ನಲ್ಲಿ ತಿರುಗಿಸೋಕೆ ಸ್ಪ್ಯಾನರೇ ಬೇಕಾಯ್ತು. ತುಕ್ಕಿನ ಬಣ್ಣದ ನೀರು ಬಂತು. ಅರ್ಧ ಬಕೆಟ್ ಆಯ್ತು, ಇನ್ನೂ ಬರ್ತಾನೇ ಇತ್ತು.