ದೋಸೆ ಕಾವಲಿ ಒಂದೇ ಉಂಟು

ದೀಪಾವಳಿಯ ಹೊತ್ತಿಗೆ ಟಿ. ನಗರಕ್ಕೆ ಬಂದವರಿಗೆ ಅಲ್ಲಿನ ಜನಜಂಗುಳಿಯನ್ನು ನಾನು ವಿವರಿಸಬೇಕಾಗಿಲ್ಲ. ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು ರಂಗನಾಥನ್ ಬೀದಿಗೆ ಕಾಲಿಟ್ಟರೆ ಸಾಕು, ಆಮೇಲೆ ನಾವು ನಡೆಯುವುದಿಲ್ಲ. ಹಿಂದಿನವರೇ ತಳ್ಳಿಕೊಂಡು ಉಸ್ಮಾನ್ ರಸ್ತೆಗೆ ತಲುಪಿಸುತ್ತಾರೆ.

ಆ ರಸ್ತೆಯ ಪಕ್ಕದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಆರು ಜನರ ಸಣ್ಣ ಕಂಪನಿ. ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಅದನ್ನು ಕ್ಲೌಡಿನಲ್ಲಿ ನಡೆಸುವುದು ನಮ್ಮ ಕೆಲಸ. 2023ರ ದೀಪಾವಳಿಗೆ ಮುಂಚೆ ಇಲ್ಲಿನ ಒಂದು ಸೀರೆ ಅಂಗಡಿಯವರು ಒಂದು ರಾತ್ರಿಯ ಆನ್‌ಲೈನ್ ಮಾರಾಟ ಇಟ್ಟುಕೊಂಡರು. ಎಂಟು ಗಂಟೆಗೆ ಶುರು, ಮೊದಲು ಬಂದವರಿಗೆ ಅರ್ಧ ಬೆಲೆ.

ನನ್ನ ಕೈಕೆಳಗೆ ಹೊಸೂರಿನ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದಳು. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳಿನಲ್ಲಿ. ಮಾರಾಟಕ್ಕೆ ಹತ್ತು ದಿನ ಮುಂಚೆ ಅವಳು ನನಗೊಂದು ಮೇಲ್ ಕಳಿಸಿದ್ದಳು: "ಸರ್, ಡೇಟಾಬೇಸ್ ಇಷ್ಟು ಹೊರೆ ತಡೆಯಲ್ಲ ಅನ್ಸತ್ತೆ. ಒಮ್ಮೆ ಲೋಡ್ ಟೆಸ್ಟ್ ಮಾಡೋಣವಾ?" ನಾನು ಒಂದೇ ಸಾಲಿನ ಉತ್ತರ ಬರೆದೆ: "ಕ್ಲೌಡ್ ಇದೆಯಲ್ಲಮ್ಮ, ಬೇಕಾದಷ್ಟು ಬೆಳೆಯುತ್ತೆ."

ಆ ರಾತ್ರಿ ಎಂಟೂ ಐದಕ್ಕೆ ಸೈಟು ತೆವಳತೊಡಗಿತು. ಇದ್ದ ಯಂತ್ರಗಳು ನಾಲ್ಕು. ನಾನು ಧೈರ್ಯವಾಗಿ ಇಪ್ಪತ್ತಕ್ಕೆ ಏರಿಸಿದೆ. ಹೊಸ ಯಂತ್ರಗಳು ಎದ್ದು ನಿಲ್ಲಲು ಕೆಲವು ನಿಮಿಷ ತೆಗೆದುಕೊಂಡವು. ನಿಂತ ಮರುಕ್ಷಣ, ತೆವಳುತ್ತಿದ್ದ ಸೈಟು ಪೂರ್ತಿ ಮಲಗಿಬಿಟ್ಟಿತು. ಮುಕ್ಕಾಲು ಗಂಟೆ ಏಳಲೇ ಇಲ್ಲ. ಹಲವರ ಖಾತೆಯಿಂದ ಹಣ ಹೋಗಿತ್ತು, ಆರ್ಡರ್ ಮಾತ್ರ ದಾಖಲಾಗಿರಲಿಲ್ಲ. ಅಂಗಡಿಯ ಫೋನಿನಲ್ಲಿ ಬೈಗುಳದ ಮಳೆ.

"ಹಬ್ಬ ಮುಗಿಯಲಿ, ಆಮೇಲೆ ಕೂತು ಮಾತಾಡೋಣ. ಯಾರ ತಪ್ಪು ಅಂತ ಬರೆದು ಕೊಡಿ," ಎಂದರು ಅಂಗಡಿಯ ಮ್ಯಾನೇಜರು. ನಾನು ಒಂದು ಮೇಲ್ ಬರೆದಿಟ್ಟೆ. ಡೇಟಾಬೇಸಿನ ಜವಾಬ್ದಾರಿ ಕಾಗದದ ಮೇಲೆ ಆ ಹುಡುಗಿಯದ್ದೇ ಆಗಿತ್ತು. ಅಷ್ಟನ್ನೇ ಬರೆದಿದ್ದೆ. ಸುಳ್ಳು ಒಂದಕ್ಷರವೂ ಇರಲಿಲ್ಲ. ಕಳಿಸಲು ಮಾತ್ರ ಬೆರಳು ಏಳಲಿಲ್ಲ.

ಸಭೆ ಇದ್ದದ್ದು ನವೆಂಬರ್ 20ರ ಸೋಮವಾರ. ಹಿಂದಿನ ದಿನ ಭಾನುವಾರ ವಿಶ್ವಕಪ್ ಫೈನಲ್. ಮನಸ್ಸು ಸರಿಯಿಲ್ಲದೆ ಪಶ್ಚಿಮ ಮಾಂಬಲಂನ ದೊಡ್ಡಪ್ಪನ ಮನೆಗೆ ಹೊರಟೆ. ಆ ವರ್ಷದ ಮೇ ತಿಂಗಳಲ್ಲಿ ಬಸ್ ನಿಲ್ದಾಣದಿಂದ ಮಾಂಬಲಂ ಸ್ಟೇಷನ್ನಿಗೆ ಮೇಲುಸೇತುವೆ ತೆರೆದಿದ್ದರು. ಅದರ ಮೇಲೆ ನಡೆದರೆ ಕೆಳಗಿನ ನೂಕುನುಗ್ಗಲು ತಪ್ಪುತ್ತದೆ.

ದೊಡ್ಡಪ್ಪ ಉಡುಪಿಯ ಕಡೆಯವರು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಇದೇ ಊರಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದ ಕಥೆ ನಿಮಗೆ ಗೊತ್ತಿರಬಹುದು. ಅಂಥವರ ಹಾದಿಯಲ್ಲೇ ಕರಾವಳಿಯ ಎಷ್ಟೋ ಹುಡುಗರು ಮದರಾಸಿಗೆ ಬಂದರು. ದೊಡ್ಡಪ್ಪನೂ ಹದಿನಾಲ್ಕನೇ ವಯಸ್ಸಿಗೆ ಬಂದು, ಪನಗಲ್ ಪಾರ್ಕಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ 31 ವರ್ಷ ಸರ್ವರ್ ಆಗಿದ್ದವರು.

"ನಿನ್ನ ಸರ್ವರ್ ಬಿದ್ದಿತಂತಲ್ಲ ಮಾರಾಯಾ?" ಎಂದರು ಬಾಗಿಲಲ್ಲೇ. "ನಾನೂ ಸರ್ವರೇ. 31 ವರ್ಷದಲ್ಲಿ ಒಂದು ದಿನ ಬೀಳಲಿಲ್ಲ."

ನಗು ಬಂತು. ಬಹಳ ದಿನದ ಮೇಲೆ ಬಂದ ನಗು. ಕಾಫಿ ಕುಡಿಯುತ್ತ ನಡೆದದ್ದನ್ನು ಹೇಳಿದೆ. ಜನ ಜಾಸ್ತಿಯಾದರು, ಸರ್ವರ್ ಜಾಸ್ತಿ ಹಾಕಿದೆ, ಹಾಕಿದ ಮೇಲೆ ಇನ್ನೂ ಹಾಳಾಯಿತು.

"ಆಗದೆ ಮತ್ತೆ? ದೋಸೆ ಕಾವಲಿ ಒಂದೇ ಉಂಟು. ಇಪ್ಪತ್ತು ಜನ ಸರ್ವರು ಅದರ ಎದುರು ನಿಂತು ಮಸಾಲೆ, ಮಸಾಲೆ ಅಂತ ಬೊಬ್ಬೆ ಹೊಡೆದರೆ ಭಟ್ರು ದೋಸೆ ಹಾಕುದಾ, ಇವರಿಗೆ ಉತ್ತರ ಹೇಳುದಾ?"

ನಾನು ಲೋಟ ಕೆಳಗಿಟ್ಟೆ. ಅವತ್ತು ನಡೆದದ್ದು ಅಕ್ಷರಶಃ ಅದೇ. ನಮ್ಮ ಒಂದೊಂದು ಯಂತ್ರವೂ ಡೇಟಾಬೇಸಿಗೆ 25 ಸಂಪರ್ಕ ಹಿಡಿದುಕೊಳ್ಳುತ್ತಿತ್ತು. ನಾಲ್ಕು ಯಂತ್ರವಿದ್ದಾಗ 100. ಇಪ್ಪತ್ತಾದಾಗ 500. ಡೇಟಾಬೇಸಿನ ಮಿತಿ 300. ನಿಧಾನವಾಗಿಯಾದರೂ ಕೆಲಸ ಮಾಡುತ್ತಿದ್ದ ಭಟ್ಟರ ಕೈಯನ್ನು ನಾನೇ ಹಿಡಿದು ನಿಲ್ಲಿಸಿದ್ದೆ.

ಸ್ಕೇಲಬಿಲಿಟಿ ಎಂದರೆ ಹೊರೆ ಹೆಚ್ಚಿದಾಗ ಅದಕ್ಕೆ ತಕ್ಕಂತೆ ಹಿಗ್ಗುವ ಗುಣ. ಅದಕ್ಕೆ ಎರಡು ದಾರಿ. ಇದ್ದ ಯಂತ್ರವನ್ನೇ ಇನ್ನೂ ದೊಡ್ಡದು ಮಾಡುವುದು ವರ್ಟಿಕಲ್; ಒಬ್ಬ ಸರ್ವರನ್ನೇ ಭೀಮಸೇನನನ್ನಾಗಿ ಮಾಡಿದಂತೆ. ಭೀಮನಿಗೂ ಇರುವುದು ಎರಡೇ ಕೈ, ಅವನಿಗೆ ಜ್ವರ ಬಂದರೆ ಹೋಟೆಲಿಗೇ ಬಾಗಿಲು. ಸಾಧಾರಣ ಯಂತ್ರಗಳನ್ನೇ ಸಾಲಾಗಿ ಸೇರಿಸುತ್ತ ಹೋಗುವುದು ಹಾರಿಜಾಂಟಲ್. ಬಂದ ಗಿರಾಕಿಯನ್ನು ಯಾವ ಮೇಜಿಗೆ ಕಳಿಸಬೇಕೆಂದು ನೋಡುವ ಸೂಪರ್‌ವೈಸರೇ ಲೋಡ್ ಬ್ಯಾಲೆನ್ಸರ್. ಇದೆಲ್ಲ ನನಗೆ ಬಾಯಿಪಾಠ. ಆದರೆ ಎಲ್ಲ ಸರ್ವರುಗಳೂ ಕೊನೆಗೆ ಹೋಗಿ ನಿಲ್ಲುವ ಕಾವಲಿ ಎಲ್ಲಿದೆ ಎಂದು ನಾನು ನೋಡಿರಲಿಲ್ಲ.

"ಹಾಗಾದರೆ ನಿಮ್ಮಲ್ಲಿ ಹಬ್ಬದ ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ.

ದೊಡ್ಡಪ್ಪನಿಗೆ ಹುರುಪು ಬಂತು. ಇಡ್ಲಿ ಮೊದಲೇ ಬೇಯಿಸಿ ಇಡುತ್ತಿದ್ದರಂತೆ. ಕೇಳಿದ ಕೂಡಲೇ ಕೊಡಬಹುದು, ಕಾವಲಿಯ ತಂಟೆಯಿಲ್ಲ. ನಾವು ಅದನ್ನು ಕ್ಯಾಶ್ ಎನ್ನುತ್ತೇವೆ. ಸೀರೆಯ ಚಿತ್ರ, ಬಣ್ಣ, ಬೆಲೆ ಎಲ್ಲ ಇಡ್ಲಿ ಇದ್ದಂತೆ, ಪ್ರತಿ ಸಲ ಡೇಟಾಬೇಸ್ ಕೇಳಬೇಕಿಲ್ಲ. ಹಣ ಕಟ್ಟಿ ಆರ್ಡರ್ ಬರೆಯುವುದು ಮಾತ್ರ ದೋಸೆ, ಆಗಲೇ ಹುಯ್ಯಬೇಕು. ದೋಸೆಗೆ ಟೋಕನ್ ಕೊಟ್ಟು ಸರದಿಯಲ್ಲಿ ಕೂರಿಸುತ್ತಿದ್ದರು. ಅದು ನಮ್ಮ ಕ್ಯೂ. ಆರ್ಡರನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಚೀಟಿಯಲ್ಲಿ ಬರೆಯಬೇಕಿತ್ತು. ಒಬ್ಬ ಮನೆಗೆ ಹೋದರೆ ಇನ್ನೊಬ್ಬ ಚೀಟಿ ನೋಡಿ ಬಡಿಸುತ್ತಾನೆ. ಸ್ಟೇಟ್‌ಲೆಸ್ ಎಂದು ನಾವು ದೊಡ್ಡದಾಗಿ ಹೇಳುವುದು ಇದನ್ನೇ.

"ಸೀಸನ್ನಿಗೆ ಊರಿಂದ ಹುಡುಗರನ್ನು ತರಿಸುತ್ತಿದ್ದೆವು. ನಾಲ್ಕು ದಿನ ಮುಂಚೆ ಬರಬೇಕು. ಜನ ಬಂದು ಎಲೆಯ ಎದುರು ಕೂತ ಮೇಲೆ ಊರಿಗೆ ಕಾಗದ ಹಾಕಿದರೆ ಆಗುತ್ತದಾ? ಹಬ್ಬ ಮುಗಿದ ಕೂಡಲೇ ಬಸ್ಸು ಹತ್ತಿಸಬೇಕು. ಇಲ್ಲದಿದ್ದರೆ ಸಂಬಳ ಕೊಡುದು ಯಾರು?"

ಹಿಗ್ಗುವುದರ ಜೊತೆಗೆ ಕುಗ್ಗುವುದೂ ಬಂದರೆ ಅದಕ್ಕೆ ಇಲಾಸ್ಟಿಸಿಟಿ ಎನ್ನುತ್ತಾರೆ. 2006ರಲ್ಲಿ ಅಮೆಜಾನ್ ಕಂಪ್ಯೂಟರುಗಳನ್ನು ಗಂಟೆಯ ಬಾಡಿಗೆಗೆ ಕೊಡಲು ಶುರುಮಾಡಿದಾಗ ಜನ ಬೆರಗಾದದ್ದು ಇದಕ್ಕೇ: ಬೇಕಾದಾಗ ತೆಗೆದುಕೊ, ಬೇಡವಾದಾಗ ಹಿಂದಿರುಗಿಸು. ಇತ್ತ ನಾನು ಹುಡುಗರನ್ನು ಬಸ್ಸು ಹತ್ತಿಸುವುದನ್ನೂ ಮರೆತಿದ್ದೆ. ಇಪ್ಪತ್ತು ಯಂತ್ರಗಳು ಒಂಬತ್ತು ದಿನ ಸುಮ್ಮನೆ ತಿರುಗಿ ಬಿಲ್ಲು ಬೆಳೆಸಿದ್ದವು.

ಅಷ್ಟರಲ್ಲಿ ದೊಡ್ಡಪ್ಪನ ಮೊಮ್ಮಗ ಕೂಗಿದ. ಹಾಟ್‌ಸ್ಟಾರಿನಲ್ಲಿ ನೋಡುವವರ ಸಂಖ್ಯೆ ಕೋಟಿ ಕೋಟಿ ಏರುತ್ತಿತ್ತು. ಅವತ್ತು 5.9 ಕೋಟಿ ಮುಟ್ಟಿತು. ಅವರ ಎಂಜಿನಿಯರುಗಳು 2019ರ ವಿಶ್ವಕಪ್ಪಿನ ಅನುಭವ ಹೇಳಿಕೊಂಡಿದ್ದು ನೆನಪಾಯಿತು. ಅವರು ಆಟೋ ಸ್ಕೇಲಿಂಗನ್ನು ನಂಬಿ ಕೂರದೆ, ಪ್ರೇಕ್ಷಕರು ಬರುವ ಮುಂಚೆಯೇ ಯಂತ್ರಗಳನ್ನು ಸಿದ್ಧವಾಗಿಡುತ್ತಿದ್ದರು. ಇನ್ನೊಂದು ಭಯವೂ ಅವರಿಗಿತ್ತು. ಆ ಸೆಮಿಫೈನಲ್ಲಿನಲ್ಲಿ ನಮ್ಮ ಚೆನ್ನೈನ 'ತಲ' ಧೋನಿ ರನೌಟ್ ಆದಾಗ ಆದಂತೆ, ಲಕ್ಷಗಟ್ಟಲೆ ಜನ ಒಟ್ಟಿಗೇ ವಿಡಿಯೊ ಬಿಟ್ಟು ಮುಖಪುಟಕ್ಕೆ ಮರಳುತ್ತಾರೆ. ಆಗ ಹೊರೆ ಬೀಳುವುದು ವಿಡಿಯೊದ ಮೇಲಲ್ಲ, ಮುಖಪುಟದ ಮೇಲೆ. ಕಾವಲಿ ಯಾವುದು ಎಂಬುದೂ ಗಳಿಗೆಗೊಮ್ಮೆ ಬದಲಾಗುತ್ತದೆ.

ದೊಡ್ಡಪ್ಪ ಮೆಲ್ಲಗೆ ಕೇಳಿದರು: "ಅಲ್ಲ, ಅಷ್ಟು ಜನ ಇದ್ದಿರಿ. ಕಾವಲಿ ಒಂದೇ ಉಂಟು ಅಂತ ಒಬ್ಬರೂ ಹೇಳಲಿಲ್ಲವಾ?"

"ಒಬ್ಬಳು ಹೇಳಿದ್ದಳು," ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ಟಿವಿ ಕಡೆ ತಿರುಗಿದರು. ಭಾರತ ಸೋತಿತು. ನಾನು ಮನೆಗೆ ಬಂದು ಬರೆದಿಟ್ಟಿದ್ದ ಮೇಲನ್ನು ಅಳಿಸಿದೆ.

ಮರುದಿನ ಸಭೆಯಲ್ಲಿ ಅವಳ ಮೇಲನ್ನೂ ನನ್ನ ಒಂದು ಸಾಲಿನ ಉತ್ತರವನ್ನೂ ಮುದ್ರಿಸಿ ಮೇಜಿನ ಮೇಲಿಟ್ಟೆ. ಮ್ಯಾನೇಜರು ಓದಿ ನನ್ನನ್ನು ನೋಡಿದರು. ಒಂದು ತಿಂಗಳ ಹಣ ಕಡಿತವಾಯಿತು, ಕೆಲಸ ಉಳಿಯಿತು. ಹೊರಗೆ ಬಂದ ಮೇಲೆ ಅವಳು, "ಯಾಕೆ ಸರ್ ಹಾಗೆ ಮಾಡಿದ್ರಿ?" ಎಂದಳು. "ಯಾಕೆ ಅಂದ್ರೆ ನೀನು ಹೇಳಿದ್ದು ಸರಿ ಇತ್ತು," ಎಂದೆ. ಅದನ್ನು ಹತ್ತು ದಿನ ಮುಂಚೆಯೇ ಹೇಳಬೇಕಿತ್ತು.

ಪೊಂಗಲ್ ಮಾರಾಟಕ್ಕೆ ಅವಳೇ ಮುಂದಾಳು. ಎರಡು ಸಲ ಲೋಡ್ ಟೆಸ್ಟ್ ಮಾಡಿದಳು. ಚಿತ್ರ ಬೆಲೆಗಳೆಲ್ಲ ಕ್ಯಾಶಿಗೆ ಹೋದವು. ಎಲ್ಲ ಯಂತ್ರಗಳೂ ಸೇರಿ ಹಿಡಿಯುವ ಸಂಪರ್ಕಗಳು ಮಿತಿಯೊಳಗೇ ಇರುವಂತೆ ಕಟ್ಟುಹಾಕಿದಳು. ಆರ್ಡರುಗಳಿಗೆ ಸರದಿ ಬಂತು. ಸಂಜೆ ಏಳಕ್ಕೇ ಹತ್ತು ಯಂತ್ರಗಳು ಸಿದ್ಧವಾಗಿದ್ದವು. ಮೊದಲ ಕಾಲು ಗಂಟೆ ಸೈಟು ನಿಧಾನವಾಯಿತು, ಕೆಲವರು ಕಾಯಬೇಕಾಯಿತು, ಆದರೆ ಬೀಳಲಿಲ್ಲ. ಹಣ ಕಟ್ಟಿದವರಿಗೆಲ್ಲ ಸೀರೆ ಸಿಕ್ಕಿತು. ಬೆಳಿಗ್ಗೆ ಯಂತ್ರಗಳು ಮತ್ತೆ ನಾಲ್ಕಕ್ಕೆ ಇಳಿದಿದ್ದವು.

ಈಗ ನಮ್ಮ ಆಫೀಸಿನಲ್ಲಿ ಯಾವ ಮಾರಾಟಕ್ಕೂ ಮುಂಚೆ ಒಂದು ಪಟ್ಟಿ ತುಂಬುತ್ತೇವೆ. ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿದೆ, ಮೊದಲ ಪ್ರಶ್ನೆ ಮಾತ್ರ ಕನ್ನಡದಲ್ಲಿ. ತಮಿಳು ಗೆಳೆಯರೂ ಅದನ್ನು ಹಾಗೆಯೇ ಓದುತ್ತಾರೆ: "ಕಾವಲಿ ಎಷ್ಟು ಉಂಟು?"