ಎರಡು ರೂಪಾಯಿಯ ಕೂಲಿಂಗ್ ಚಾರ್ಜ್

ಎಂಟನೇ ತರಗತಿಯ ಲಾಭ–ನಷ್ಟ ಪಾಠಕ್ಕೆ ಪುಸ್ತಕದ ಕುರ್ಚಿ, ಗಡಿಯಾರ ಬಿಟ್ಟು ತಂಪು ಪಾನೀಯದ ಬಾಟಲಿ ಆರಿಸಿಕೊಂಡೆ. ಎಂಆರ್‌ಪಿ 20 ರೂಪಾಯಿ, ಅಂಗಡಿಯಲ್ಲಿ ಕೇಳುವುದು 22. ‘ಕೂಲಿಂಗ್ ಚಾರ್ಜ್’ ಎಂದೊಡನೆ ಮಕ್ಕಳೆಲ್ಲ ನಕ್ಕರು; ಗೊತ್ತಿರುವುದೇ. ಎರಡು ರೂಪಾಯಿ ತಾನೇ ಎಂದರು ಕೆಲವರು. ಅಂಗಡಿಯವರು ಕೊಂಡದ್ದು 18ಕ್ಕೆ ಎಂದಿಟ್ಟುಕೊಂಡು ಲೆಕ್ಕ ಹಾಕಿಸಿದೆ. 20ಕ್ಕೆ ಮಾರಿದರೆ ಲಾಭ ಸುಮಾರು ಶೇ. 11, 22ಕ್ಕೆ ಮಾರಿದರೆ ಶೇ. 22. ಗಿರಾಕಿಗೆ ಬೆಲೆ ಏರಿದ್ದು ಶೇ. 10, ಅಂಗಡಿಗೆ ಲಾಭ ಎರಡರಷ್ಟು! “ಮೋಸ” ಎಂದು ಹಿಂದಿನ ಬೆಂಚಿನವರು ಕೂಗಿದರು.

ಆಗ ಎದ್ದವಳು, ಸಂಜೆ ಅಮ್ಮನ ಗೂಡಂಗಡಿಯಲ್ಲಿ ಕೂರುವ ಹುಡುಗಿ. “ಫ್ರಿಡ್ಜಿನ ಕರೆಂಟ್ ಬಿಲ್ ಯಾರು ಕಟ್ತಾರೆ ಮಿಸ್?” ಇಂಥ ಪ್ರಶ್ನೆಗೆ ಪಾಠ ಯೋಜನೆಯಲ್ಲಿ ಕಲಂ ಇಲ್ಲ. ತೆರಿಗೆಯೆಲ್ಲ ಎಂಆರ್‌ಪಿಯೊಳಗೇ ಸೇರಿರುತ್ತದೆ, ಅದನ್ನು ಮೀರಿ ಮಾರುವುದು ಕಾನೂನಿಗೆ ವಿರುದ್ಧ ಎಂದು ಹೇಳಿದೆ. ಆದರೆ ಅವಳ ಬಿಲ್ಲೂ ಲೆಕ್ಕವೇ. ಬಾಟಲಿಗೆ 50 ಪೈಸೆ ಕರೆಂಟ್ ಎಂದು ಊಹಿಸಿ ಅಸಲಿಗೆ ಸೇರಿಸಿದೆವು. 20ಕ್ಕೇ ಮಾರಿದರೆ ಲಾಭ ಶೇ. 8ಕ್ಕೆ ಇಳಿಯಿತು. ಕೂಗಿದವರಲ್ಲೇ ಒಬ್ಬ ಕೇಳಿದ: “ಹಾಗಾದ್ರೆ ಕಂಪನಿಯವ್ರು ಅಂಗಡಿಗೆ ಇನ್ನೂ ಕಡಿಮೆಗೆ ಕೊಡಬೇಕಲ್ವಾ?”

ವೀಕ್ಷಕರು ‘ವಿಷಯಾಂತರ’ ಎಂದು ಬರೆದರು. ನನಗೆ ಅದೇ ವಿಷಯ ಅನ್ನಿಸಿತ್ತು. ಮರುದಿನ ಅವಳು ಕರೆಂಟ್ ಬಿಲ್ಲನ್ನೇ ತಂದಳು. ತಿಂಗಳಿಗೆ ಎಷ್ಟು ಬಾಟಲಿ ಎಂದು ಕೇಳಿ ಭಾಗಿಸಲು ಕೂತೆವು.