ಉಬ್ಬಸದ ಗುಳಿಗೆಯೂ ಮಗುವಿನ ನಿದ್ರೆಯೂ



ಜೋಳ, ತೊಗರಿಗಳ ರಾಶಿಯ ಕಾಲ ಬಂದಿತೆಂದರೆ ಡೋಣಿ ಸೀಮೆಯ ಹಳ್ಳಿಗಳಲ್ಲಿ ಉಬ್ಬಸದವರ ಗೋಳು ಹೆಚ್ಚುತ್ತದೆ. ಮಹಿಪತಿದಾಸರ ನೆಲೆಯಾದ ಕಾಖಂಡಕಿಯೂ ಇದಕ್ಕೆ ಹೊರತಲ್ಲ. ಹೊಟ್ಟಿನ ಧೂಳು, ಕಾಂಗ್ರೆಸ್ ಹುಲ್ಲಿನ ಪರಾಗ, ಒಲೆಯ ಹೊಗೆ ಇವೆಲ್ಲ ಶ್ವಾಸನಾಳವನ್ನು ಕೆರಳಿಸುತ್ತವೆ. ಇಂಥವರಿಗೆ ವೈದ್ಯರು ಕೊಡುವ ಔಷಧಗಳಲ್ಲಿ ಮೊಂಟೆಲುಕಾಸ್ಟ್ ಎಂಬ ಗುಳಿಗೆಯೂ ಒಂದು. ನೆಗಡಿ, ಸೀನುಗಳಿಗೆ ಇದನ್ನೇ ಲಿವೊಸೆಟಿರಿಜಿನ್ ಜೊತೆ ಕೂಡಿಸಿ ಕೊಡುವುದೂ ಉಂಟು.

ಧೂಳು ಸೋಂಕಿದಾಗ ದೇಹದಲ್ಲಿ ಲ್ಯೂಕೋಟ್ರಯೀನ್ ಎಂಬ ದ್ರವ್ಯಗಳು ಹುಟ್ಟಿ ಶ್ವಾಸನಾಳವನ್ನು ಬಿಗಿಯುತ್ತವೆ. ಅವುಗಳ ಕೆಲಸವನ್ನು ಈ ಗುಳಿಗೆ ತಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಅಂದಿನಿಂದ ಲೆಕ್ಕವಿಲ್ಲದಷ್ಟು ಜನ ಇದರಿಂದ ಸುಖವಾಗಿ ಉಸಿರಾಡಿದ್ದಾರೆ. ಆದುದರಿಂದ ಇದನ್ನು ವಿಷವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ.

ಆದರೆ ಒಂದು ಮಾತು ತಿಳಿದಿರಬೇಕು. ಕಾಖಂಡಕಿಯ ಕಡೆಯ ತಾಯಿಯೊಬ್ಬರು ತಮ್ಮ ಚಿಕ್ಕ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಹುಡುಗ ನಡುರಾತ್ರಿ ಚೀರಿ ಏಳುತ್ತಾನೆ, ಸಿಟ್ಟಿಗೆದ್ದು ಹೊಡೆಯುತ್ತಾನೆ, ಒಮ್ಮೊಮ್ಮೆ ಒಬ್ಬನೇ ಕುಳಿತು ಅಳುತ್ತಾನೆ. “ಗಾಳಿ ಸೋಕೇತ್ರೀ ಬುದ್ಧಿ, ವಿಭೂತಿ ಹಚ್ಚಿ ತಾಯಿತ ಕಟ್ಟ್ರಿ” ಎಂದರು. ವಿಭೂತಿ ಧರಿಸಿದ ಮೇಲೆ “ಏನಾದರೂ ಗುಳಿಗೆ ನಡೆದಿದೆಯೇನಮ್ಮ?” ಎಂದು ಕೇಳಿದೆವು. ಸೆರಗಿನ ಗಂಟಿನಿಂದ ಹೊರಬಂದದ್ದು ಇದೇ ಗುಳಿಗೆ. ಕೂಡಲೇ ಅದನ್ನು ಬರೆದುಕೊಟ್ಟ ವೈದ್ಯರಲ್ಲಿಗೆ ಕಳುಹಿಸಿದೆವು. ಅವರು ಗುಳಿಗೆಯನ್ನು ನಿಲ್ಲಿಸಿ ಬೇರೆ ಉಪಚಾರ ಹೇಳಿದರು. ಕೆಲವು ದಿನಗಳಲ್ಲಿ ಹುಡುಗನ ನಿದ್ರೆ ತಿಳಿಯಾಯಿತು.

ಇದು ನಮ್ಮ ಊಹೆಯ ಮಾತಲ್ಲ. 2020ರ ಮಾರ್ಚಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧದ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಆಜ್ಞಾಪಿಸಿತು. ದುಃಸ್ವಪ್ನ, ಕಳವಳ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಇವು ಅದರಲ್ಲಿ ಹೇಳಿರುವ ಲಕ್ಷಣಗಳು. ಮೊದಲು ಮನೋವ್ಯಾಧಿ ಇಲ್ಲದವರಲ್ಲಿಯೂ ಇವು ಕಾಣಿಸಬಹುದು. ಕಂಡೊಡನೆ ಗುಳಿಗೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂದೂ, ಬರಿಯ ನೆಗಡಿ ಸೀನುಗಳಿಗಾದರೆ ಬೇರೆ ಔಷಧ ಹಿಡಿಸದಿದ್ದಾಗ ಮಾತ್ರ ಇದನ್ನು ಕೊಡಬೇಕೆಂದೂ ಆ ಸಂಸ್ಥೆ ಸೂಚಿಸಿದೆ.

ಆದುದರಿಂದ ಭಕ್ತರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ನೆರೆಮನೆಯವರ ಗುಳಿಗೆಯನ್ನು ಕೇಳಿ ತಂದು ಮಗುವಿಗೆ ಕೊಡಬಾರದು. ಏರಿ ಬಂದ ದಮ್ಮನ್ನು ಈ ಗುಳಿಗೆ ಆ ಕ್ಷಣಕ್ಕೆ ಇಳಿಸಲಾರದು. ಅದಕ್ಕೆ ವೈದ್ಯರು ಹೇಳಿದ ಸೇದುವ ಔಷಧವೇ ಬೇಕು, ಅದನ್ನು ಭಯದಿಂದ ಬಿಡಬಾರದು. ಗುಳಿಗೆ ಆರಂಭಿಸಿದ ಮೇಲೆ ಮಗುವಿನ ನಿದ್ರೆ, ನಡೆ, ನುಡಿ ಬದಲಾದರೆ ತಾಯಿತ ಹುಡುಕುವ ಮೊದಲು ವೈದ್ಯರಿಗೆ ತಿಳಿಸಬೇಕು.

ಶರಣರು ದೇಹವನ್ನು ಪ್ರಸಾದಕಾಯವೆಂದು ಕಂಡವರು. ಅವರ ಗಣದಲ್ಲಿ ವೈದ್ಯ ಸಂಗಣ್ಣನಿಗೂ ಸ್ಥಾನವಿತ್ತು. ಚಿಕಿತ್ಸೆಯೂ ಕಾಯಕವೇ ಆಗಿತ್ತು. ವಿಭೂತಿ ಮನಸ್ಸಿಗೆ ಧೈರ್ಯ ಕೊಡುತ್ತದೆ. ರೋಗದ ಕಾರಣವನ್ನು ಅರಸುವ ಹೊಣೆಯಿಂದ ನಮ್ಮನ್ನು ಬಿಡಿಸುವುದಿಲ್ಲ. ಮಾತು ಬಾರದ ಮಗುವಿನ ಸಂಕಟವನ್ನು ದೆವ್ವದ ತಲೆಗೆ ಕಟ್ಟಿ ಕುಳಿತರೆ ಆ ಮಗು ತನ್ನ ನೋವನ್ನು ಇನ್ನಾರಿಗೆ ಹೇಳಬೇಕು? ಅರಿವೇ ಗುರುವೆಂದು ನಂಬಿದ ನಾವು ಔಷಧದ ವಿಷಯದಲ್ಲಿಯೂ ಆ ಅರಿವನ್ನು ಬಿಡದಿರೋಣ.